ಕೃಷ್ಣೆಯ ಹಿನ್ನೀರಿಗೆ ಮನೆಯಲ್ಲೇ ಕಟ್ಟುವ ಪಂದ್ಯದ ಹಾಯಿದೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಸಮುದ್ರವಿಲ್ಲ. ಆದರೆ ಆಲಮಟ್ಟಿ, ಹಿಡಕಲ್, ನವಿಲುತೀರ್ಥದಂಥ ವಿಶಾಲ ಜಲಾಶಯಗಳಿವೆ, ಮುಂಗಾರಿನಲ್ಲಿ ಬಿಡದೆ ಬೀಸುವ ಗಾಳಿಯಿದೆ, ಕೈಕಸುಬು ಬಲ್ಲ ಬಡಿಗರಿದ್ದಾರೆ. ಇಷ್ಟಿದ್ದೂ ನಮ್ಮ ನೀರಿನ ಮೇಲೆ ಹಾಯಿ ಕಾಣುವುದು ಅಪರೂಪ. ವೇಗದ ಹಾಯಿದೋಣಿಯನ್ನು ಸ್ವಂತ ಕೈಯಿಂದ ಕಟ್ಟಿ ನಡೆಸಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನನಗೆ ಸರಿಯೆನಿಸಿದ ಉತ್ತರಗಳು ಇಲ್ಲಿವೆ.

ಪಂದ್ಯದ ಡಿಂಗಿ ಎಂದರೆ ಯಾವ ಬಗೆಯ ದೋಣಿ? ನಮ್ಮ ಹರಿಗೋಲಿಗೋ ಮೀನುದೋಣಿಗೋ ಹಾಯಿ ಕಟ್ಟಿದರೆ ಸಾಲದೇ?

ಸಾಲದು. ಹರಿಗೋಲು ಗುಂಡಗಿದೆ, ಅದಕ್ಕೆ ದಿಕ್ಕಿಲ್ಲ. ಗಾಳಿ ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ಮೀನುದೋಣಿ ಭಾರ ಹೊರಲು ಹುಟ್ಟಿದ್ದು. ಡಿಂಗಿ ಎಂದರೆ ಒಬ್ಬರೋ ಇಬ್ಬರೋ ನಡೆಸುವ, ಮೇಲೆ ಪೂರ್ತಿ ಮುಚ್ಚಿಲ್ಲದ ಚಿಕ್ಕ ಹಾಯಿದೋಣಿ. ಪಂದ್ಯದ ಡಿಂಗಿಯಲ್ಲಿ ಮೂರು ಸಂಗತಿಗಳು ಕೂಡಿರುತ್ತವೆ: ಹಗುರ ಒಡಲು, ಒಡಲಿನ ಅಳತೆಗೆ ಮೀರಿದಂತೆ ಕಾಣುವ ದೊಡ್ಡ ಹಾಯಿ, ಮತ್ತು ನೀರಿನೊಳಗೆ ಇಳಿಬಿಡುವ ತೆಳುವಾದ ನಡುಹಲಗೆ. ಸೆಂಟರ್‌ಬೋರ್ಡ್ ಎನ್ನುವ ಈ ಹಲಗೆಯೇ ದೋಣಿ ಅಡ್ಡಡ್ಡ ಜಾರದಂತೆ ತಡೆದು, ಗಾಳಿಗೆ ಓರೆಯಾಗಿ ಮುಂದಕ್ಕೆ ಏರುವ ಶಕ್ತಿ ಕೊಡುತ್ತದೆ. ಅದರ ತಳದಲ್ಲಿ ಭಾರದ ಗುಂಡಿರುವುದಿಲ್ಲ. ದೋಣಿಯನ್ನು ನೆಟ್ಟಗೆ ಹಿಡಿಯುವ ಭಾರ ನಿಮ್ಮ ಮೈಯೇ. ಆದ್ದರಿಂದಲೇ ಅದು ಮಗುಚುತ್ತದೆ, ಆದ್ದರಿಂದಲೇ ಅದು ಓಡುತ್ತದೆ.

ಎಂಜಿನ್ ಇಲ್ಲದೆ ಅಷ್ಟು ವೇಗ ಹೇಗೆ ಬರುತ್ತದೆ?

ನೀರನ್ನು ಸೀಳಿಕೊಂಡು ಹೋಗುವ ಯಾವ ದೋಣಿಗೂ ತನ್ನದೇ ಅಲೆ ಒಂದು ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಆ ಮಿತಿ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ನಾಲ್ಕೂವರೆ ಮೀಟರ್ ದೋಣಿಗೆ ಇದು ಸುಮಾರು 9.5 ಕಿ.ಮೀ. ಭಾರದ ದೋಣಿ ಎಷ್ಟೇ ಗಾಳಿ ಬೀಸಿದರೂ ಅಲ್ಲಿಯೇ ಏದುಸಿರು ಬಿಡುತ್ತದೆ. ದೋಣಿ ಹಗುರವಾಗಿದ್ದು ಹಿಂಬದಿಯ ತಳ ಚಪ್ಪಟೆಯಾಗಿದ್ದರೆ, ಗಾಳಿ ಏರಿದಾಗ ಅದು ತನ್ನ ಮುಂದಿನ ಅಲೆಯನ್ನು ಹತ್ತಿ ನೀರಿನ ಮೇಲೆಯೇ ಜಾರತೊಡಗುತ್ತದೆ. ಇದನ್ನು ಪ್ಲೇನಿಂಗ್ ಎನ್ನುತ್ತಾರೆ. ಆಗ ವೇಗ ಇಮ್ಮಡಿಯಾಗುವುದು ಸಾಮಾನ್ಯ.

ಇಂಗ್ಲೆಂಡಿನ ಉಫಾ ಫಾಕ್ಸ್ 1928ರಲ್ಲಿ ‘ಅವೆಂಜರ್’ ಎಂಬ 14 ಅಡಿಯ ದೋಣಿಯನ್ನು ಈ ತತ್ತ್ವದ ಮೇಲೆ ರೂಪಿಸಿದರು. ಆ ವರ್ಷ ಅದು ಇಳಿದ 57 ಪಂದ್ಯಗಳಲ್ಲಿ 52ರಲ್ಲಿ ಮೊದಲ ಸ್ಥಾನ ಪಡೆಯಿತು. ಇಂದಿನ ವೇಗದ ಡಿಂಗಿಗಳೆಲ್ಲ ಆ ದಾರಿಯವೇ.

ನಮ್ಮ ಭಾಗದಲ್ಲಿ ಗಾಳಿ ಸಾಕೆ? ಯಾವ ತಿಂಗಳು, ಯಾವ ನೀರು?

ಸವದತ್ತಿಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಈ ಪ್ರಶ್ನೆಯ ಅರ್ಧಕ್ಕೆ ಉತ್ತರ ಕೊಡುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಮತ್ತು ನೈಋತ್ಯದ ಗಾಳಿ ಘಟ್ಟ ದಾಟಿ ನಮ್ಮ ಬಯಲಿಗೆ ಬರುತ್ತದೆ, ಹಗಲಿಡೀ ಬೀಸುತ್ತದೆ. ತೊಡಕಿರುವುದು ನೀರಿನಲ್ಲಿ. ಜೂನ್‌ನಲ್ಲಿ ಜಲಾಶಯದ ಮಟ್ಟ ತಳ ಕಂಡಿರುತ್ತದೆ. ದಡದಿಂದ ನೀರಿನವರೆಗೆ ಮೊಣಕಾಲುದ್ದ ಎರೆಮಣ್ಣಿನ ಕೆಸರು. ಜುಲೈ, ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾರಾಷ್ಟ್ರದ ಕಡೆಯಿಂದ ಪ್ರವಾಹ ಬರುತ್ತದೆ, ಗೇಟುಗಳು ತೆರೆಯುತ್ತವೆ, ಸೆಳವು ಇರುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ಆ ದಿನಗಳಲ್ಲಿ ಎಷ್ಟೇ ಚೆನ್ನಾಗಿ ಕಲಿತವರೂ ನೀರಿಗಿಳಿಯಬಾರದು.

ಮಳೆ ಇಳಿದು ಒಳಹರಿವು ನಿಂತ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ, ಆಲಮಟ್ಟಿಯ ನೀರು 519.60 ಮೀಟರ್ ಎಂಬ ತನ್ನ ಪೂರ್ಣ ಮಟ್ಟದ ಆಸುಪಾಸಿನಲ್ಲಿ ತುಂಬಿ ನಿಂತಿರುತ್ತದೆ. ಗಾಳಿ ಹಿತವಾಗಿರುತ್ತದೆ. ಕಲಿಯುವವರಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಚಳಿಗಾಲದ ಬೆಳಗ್ಗೆ ನೀರು ಅಲುಗುವುದೇ ಇಲ್ಲ. ಹೊತ್ತೇರಿದಂತೆ ನೆಲ ಕಾದು ಗಾಳಿ ಏಳುತ್ತದೆ. ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಗಾಳಿ ಬರುತ್ತದೆ ಎಂಬುದನ್ನು ಜೋಳದ ರಾಶಿ ತೂರಿದ ಹಿರಿಯರಲ್ಲಿ ಕೇಳಿ. ಮೊಬೈಲಿನ ಹವಾಮಾನ ಸೂಚನೆ ಇಡೀ ತಾಲ್ಲೂಕಿನ ಗಾಳಿ ಹೇಳಿದರೆ, ಅವರು ಆ ಹೊಲದ ಗಾಳಿಯನ್ನೇ ಹೇಳಬಲ್ಲರು.

ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ಪೂರ್ತಿ ಬಿಟ್ಟುಬಿಡಿ. ಮುಂಗಾರು ಪೂರ್ವದ ಗುಡುಗು ಮಳೆಗೆ ಮುಂಚೆ ಬೀಸುವ ಬಿರುಗಾಳಿ ಕೆಲವೇ ನಿಮಿಷಗಳಲ್ಲಿ ನಿಶ್ಚಲ ನೀರನ್ನು ಎಬ್ಬಿಸಿಬಿಡುತ್ತದೆ. ಬಯಲು ನೀರಿನ ನಡುವೆ ಎತ್ತರದ ಅಲ್ಯೂಮಿನಿಯಂ ಕಂಬದ ಬುಡದಲ್ಲಿ ಕುಳಿತವರಿಗೆ ಸಿಡಿಲಿನ ಭಯ ಬೇರೆ.

ಯಾವ ವಿನ್ಯಾಸವನ್ನು ಆರಿಸಬೇಕು? ನಾವೇ ಬರೆದುಕೊಳ್ಳಬಹುದೇ?

ಮೊದಲ ದೋಣಿಯ ನಕ್ಷೆ ನಿಮ್ಮದಾಗಿರಬಾರದು. ಲೋಕದಲ್ಲಿ ಸಾವಿರಾರು ಜನ ಕಟ್ಟಿ ಓಡಿಸಿದ ವಿನ್ಯಾಸವನ್ನೇ ತೆಗೆದುಕೊಳ್ಳಿ, ನಕ್ಷೆಗೆ ಕೊಡಬೇಕಾದ ಹಣವನ್ನು ಕೊಟ್ಟು ತೆಗೆದುಕೊಳ್ಳಿ.

ಇಬ್ಬರು ನಡೆಸುವ ದೋಣಿಯಾದರೆ ನಾನು ಹೇಳುವುದು ಫೈರ್‌ಬಾಲ್. ಪೀಟರ್ ಮಿಲ್ನ್ ಎಂಬ ಇಂಗ್ಲಿಷ್ ವಿನ್ಯಾಸಕರು 1962ರಲ್ಲಿ ರೂಪಿಸಿದ ಈ ದೋಣಿ 4.93 ಮೀಟರ್ ಉದ್ದ, ಸುಮಾರು 1.4 ಮೀಟರ್ ಅಗಲ. ಬರಿಯ ಒಡಲಿನ ತೂಕ 80 ಕೆ.ಜಿ.ಗಿಂತ ತುಸು ಕಡಿಮೆ. ಮೂತಿ ಮೊನಚಾಗಿರದೆ ಮೊಂಡಾಗಿ ಚಪ್ಪಟೆಯಾಗಿದೆ, ಮಗ್ಗುಲುಗಳು ಕೋನವಾಗಿ ಕೂಡುತ್ತವೆ. ಪ್ಲೈವುಡ್ ಹಾಳೆಯನ್ನು ಬಗ್ಗಿಸಿಯೇ ಕಟ್ಟಬಹುದಾದ ಆಕಾರ ಇದು. ಇನ್ನೊಂದು ಕಾರಣಕ್ಕೂ ಅದು ನಮಗೆ ಹತ್ತಿರ. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಭಾರತಕ್ಕೆ ಚಿನ್ನ ತಂದದ್ದು ಇದೇ ದೋಣಿಯಲ್ಲಿ.

ಒಬ್ಬರೇ ನಡೆಸುವುದಾದರೆ ಡೆನ್ಮಾರ್ಕಿನ ಕ್ನೂದ್ ಓಲ್ಸನ್ 1950ರ ದಶಕದಲ್ಲಿ ರೂಪಿಸಿದ ಓಕೆ ಡಿಂಗಿ ಇದೆ. 4 ಮೀಟರ್ ಉದ್ದ, ಸುಮಾರು 72 ಕೆ.ಜಿ. ಒಂದೇ ಹಾಯಿ, ಆದರೆ ಅದನ್ನು ಹಿಡಿಯಲು ಮೈಯಲ್ಲಿ ಕಸುವು ಬೇಕು.

ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದು ಅವರೊಂದಿಗೆ ಕಲಿಯಬೇಕೆಂದಿದ್ದರೆ ಮಿರರ್ ಡಿಂಗಿಯಿಂದ ಆರಂಭಿಸುವುದು ಜಾಣತನ. 3.3 ಮೀಟರಿನ ಈ ಪುಟ್ಟ ದೋಣಿಯೂ 1962ರದ್ದೇ. ಪ್ಲೈವುಡ್ ಹಾಳೆಗಳನ್ನು ತಂತಿಯಿಂದ ಹೊಲಿದು ಅಂಟಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಇದೇ ದೋಣಿ; 70,000ಕ್ಕೂ ಹೆಚ್ಚು ಕಟ್ಟಲ್ಪಟ್ಟಿವೆ. ಅದು ಫೈರ್‌ಬಾಲ್‌ನಷ್ಟು ಓಡುವುದಿಲ್ಲ. ಕಟ್ಟುವ ಕಸುಬನ್ನು ಮಾತ್ರ ಪೂರ್ತಿಯಾಗಿ ಕಲಿಸಿಕೊಡುತ್ತದೆ.

ನೀರಿನ ಮೇಲೆ ಹಾರುವ ಹೈಡ್ರೋಫಾಯಿಲ್ ದೋಣಿಯನ್ನೇ ನೇರವಾಗಿ ಕಟ್ಟಬಾರದೇ?

ವಿಡಿಯೊಗಳನ್ನು ನೋಡಿ ಯುವಕರು ಕೇಳುವ ಮೊದಲ ಪ್ರಶ್ನೆ ಇದು. ಹಾರುವ ದೋಣಿಗಳಲ್ಲಿ ಹೆಸರಾದದ್ದು ಇಂಟರ್‌ನ್ಯಾಷನಲ್ ಮೋತ್. ಅದರ ನಿಯಮಗಳು ಉದ್ದ 3.355 ಮೀಟರ್, ಅಗಲ 2.25 ಮೀಟರ್ ಮೀರಬಾರದು, ಹಾಯಿಯ ವಿಸ್ತಾರ ಇಷ್ಟಿರಬೇಕು ಎಂಬಂಥ ಕೆಲವೇ ಮಿತಿಗಳನ್ನು ಹಾಕಿ ಉಳಿದದ್ದನ್ನು ಕಟ್ಟುವವರಿಗೇ ಬಿಟ್ಟಿವೆ. ಆಸ್ಟ್ರೇಲಿಯಾದಲ್ಲಿ 1928ರಲ್ಲಿ ಒಬ್ಬರು ಮನೆಯಲ್ಲಿ ಕಟ್ಟಿದ ದೋಣಿಯಿಂದ ಬೆಳೆದ ವರ್ಗ (ಒಂದೇ ನಿಯಮಕ್ಕೆ ಒಳಪಟ್ಟ ದೋಣಿಗಳ ಗುಂಪು) ಅದು. 2005ರಲ್ಲಿ ರೋಹನ್ ವೀಲ್ ನೀರಿನಡಿಯ ರೆಕ್ಕೆಗಳ ಮೇಲೆ ಹಾರಿಯೇ ವಿಶ್ವ ಚಾಂಪಿಯನ್ ಆದರು. ಅಂದರೆ ಮನೆಯಲ್ಲಿ ಕಟ್ಟುವವರ ಕನಸಿನ ದೋಣಿಯೇ ಹೌದು. ಆದರೆ ಅದರ ರೆಕ್ಕೆಗಳಿಗೆ ಕಾರ್ಬನ್ ನಾರಿನ ನಿಖರವಾದ ಕೆಲಸ ಬೇಕು, ಅದನ್ನು ಹತ್ತುವವರಿಗೆ ಗಾಳಿಯ ಓದು ಮೈಗೂಡಿರಬೇಕು, ತೇಲಿಬಂದ ಬಲೆ ಇಲ್ಲದ ಆಳದ ನೀರು ಬೇಕು. ನಮ್ಮ ಹಿನ್ನೀರಿನಲ್ಲಿ ಮುಳುಗಿರುವ ಒಂದು ಜಾಲಿ ಕೊಂಬೆ ಆ ರೆಕ್ಕೆಯನ್ನು ಮುರಿಯಲು ಸಾಕು. ಮೊದಲ ದೋಣಿಯಾಗಿ ಅದು ಬೇಡ.

ಪ್ಲೈವುಡ್ ಯಾವುದು? ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಕೊಡುವುದು ನಡೆಯುತ್ತದೆಯೇ?

ಬಾಯಿಮಾತಿನ ವಾಟರ್‌ಪ್ರೂಫ್ ನಡೆಯುವುದಿಲ್ಲ. ಹಾಳೆಯ ಮೇಲೆ ಐಎಸ್ 710 ಎಂಬ ಗುರುತು ಇರಬೇಕು. ಇದು ಭಾರತೀಯ ಮಾನಕದ ಮರೀನ್ ದರ್ಜೆ. ಇದರ ಪರೀಕ್ಷೆಯಲ್ಲಿ ಪ್ಲೈವುಡ್ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಡುತ್ತಾರೆ. ಅಂಗೈ ಅಗಲದ ತುಂಡನ್ನು ಕೇಳಿ ತಂದು, ಮನೆಯಲ್ಲೇ ಒಂದು ದಿನ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಪದರಗಳು ಬಿಚ್ಚಿದರೆ ಆ ಅಂಗಡಿಯ ಸಹವಾಸ ಬೇಡ. ಅಂಚನ್ನು ಗರಗಸದಿಂದ ಕತ್ತರಿಸಿ ಒಳಗೆ ನೋಡಿ: ನಡುವಿನ ಪದರದಲ್ಲಿ ಸಂದುಗಳಿದ್ದರೆ ನೀರು ಮುಂದೊಂದು ದಿನ ಅಲ್ಲಿಯೇ ಕೂರುತ್ತದೆ.

ಇಲ್ಲಿಯೇ ತೂಕದ ಲೆಕ್ಕವೂ ಶುರುವಾಗುತ್ತದೆ. ನಮ್ಮಲ್ಲಿ ಸಿಗುವ ಮರೀನ್ ಪ್ಲೈವುಡ್ ಬಹುಪಾಲು ಗಟ್ಟಿಮರದ್ದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 6 ಮಿ.ಮೀ. ಹಾಳೆ ಹನ್ನೆರಡು ಕೆ.ಜಿ. ದಾಟುತ್ತದೆ. ಆಫ್ರಿಕಾದ ಒಕೂಮೆ ಮರದ ಪ್ಲೈವುಡ್ಡಾದರೆ ಅದೇ ಹಾಳೆ ಎಂಟೂವರೆಯಿಂದ ಒಂಬತ್ತು ಕೆ.ಜಿ. ಮಾತ್ರ. ಐದಾರು ಹಾಳೆ ಬೇಕಾಗುವ ದೋಣಿಯಲ್ಲಿ ಈ ವ್ಯತ್ಯಾಸ ಹದಿನೈದು, ಇಪ್ಪತ್ತು ಕೆ.ಜಿ. ಆಗುತ್ತದೆ. ಒಕೂಮೆ ತರಿಸಲು ಮುಂಬೈಯೋ ಬೆಂಗಳೂರೋ ನೋಡಬೇಕು, ಬೆಲೆಯೂ ಹೆಚ್ಚು. ಪಂದ್ಯಕ್ಕೇ ಕಟ್ಟುವವರು ಒಕೂಮೆಗೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಕಲಿಯಲು ಕಟ್ಟುವವರು ಗಟ್ಟಿಮರದ 4 ಮಿ.ಮೀ. ಹಾಳೆಯನ್ನು ಮಗ್ಗುಲಿಗೂ ಮೇಲ್ಮುಚ್ಚಿಗೂ ಬಳಸಿ, 6 ಮಿ.ಮೀ. ಹಾಳೆಯನ್ನು ತಳಕ್ಕೆ ಮಾತ್ರ ಇಟ್ಟುಕೊಳ್ಳಬಹುದು.

ಊರಿನ ಬಡಿಗರು ಇದನ್ನು ಕಟ್ಟಬಲ್ಲರೇ?

ಖಂಡಿತ. ಕೂರಿಗೆ, ಕುಂಟೆ, ಬಾಗಿಲು ಚೌಕಟ್ಟು ಮಾಡುವ ಬಡಿಗೇರ ಮನೆತನದವರಿಗೆ ಮರದ ಎಳೆ ಓದುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡು ಮಾತುಗಳನ್ನು ಮಾತ್ರ ಅವರ ಜೊತೆ ಮೊದಲೇ ಆಡಿಕೊಳ್ಳಿ. ಒಂದು, ಗಟ್ಟಿಯಾಗಲಿ ಎಂದು ಅವರು ಪ್ರೀತಿಯಿಂದ ಸೇರಿಸುವ ಹೆಚ್ಚುವರಿ ಪಟ್ಟಿ, ದಪ್ಪ ಮೊಳೆ ಇಲ್ಲಿ ಬೇಡ. ಗಟ್ಟಿತನ ಬರುವುದು ಬಾಗಿದ ಹಾಳೆಯ ಬಿಗಿಯಿಂದ ಮತ್ತು ಅಂಟಿನಿಂದ. ಎರಡು, ಸಾಗುವಾನಿ ನೀರಿಗೆ ಒಳ್ಳೆಯದೆಂಬುದು ನಿಜ, ಆದರೆ ಅದು ಭಾರ, ಮತ್ತು ಅದರ ಎಣ್ಣೆಯಂಶ ಅಂಟು ಹಿಡಿಯಲು ಬಿಡುವುದಿಲ್ಲ. ಅಂಚುಪಟ್ಟಿಗೆ ಬಳಸಲೇಬೇಕೆಂದರೆ ಅಂಟು ಹಚ್ಚುವ ಮುನ್ನ ಅಸಿಟೋನ್‌ನಲ್ಲಿ ಒರೆಸಬೇಕು.

ಜಾಗದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಏಳು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಶೆಡ್ ಇದ್ದರೆ ಸುತ್ತ ಓಡಾಡಿ ಕೆಲಸ ಮಾಡಬಹುದು. ಬಾಗಿಲಿನ ಅಗಲವನ್ನು ಕಟ್ಟಲು ಕೂರುವ ಮುನ್ನ ಅಳೆಯಿರಿ.

ಹೊಲಿದು ಅಂಟಿಸುವ ಪದ್ಧತಿ ಎಂದರೇನು?

ನಕ್ಷೆಯ ಅಳತೆಗಳನ್ನು ಹಾಳೆಯ ಮೇಲೆ ಗುರುತಿಸಿ, ತೆಳುವಾದ ಮರದ ಪಟ್ಟಿಯನ್ನು ಬಿಂದುಗಳ ಮೇಲೆ ಬಗ್ಗಿಸಿ ನಯವಾದ ಗೆರೆ ಎಳೆಯುತ್ತೀರಿ. ಗೆರೆ ಎಲ್ಲಿಯಾದರೂ ಗೂನಾಗಿ ಕಂಡರೆ ಅಲ್ಲಿ ಅಳತೆ ತಪ್ಪಿದೆ ಎಂದೇ ಅರ್ಥ, ಕಣ್ಣನ್ನು ನಂಬಿ. ಎಂಟಡಿಯ ಹಾಳೆ 2.44 ಮೀಟರ್. ಎರಡನ್ನು ಕೂಡಿಸಿದರೂ ಫೈರ್‌ಬಾಲ್‌ನ ಉದ್ದಕ್ಕೆ ಸಾಲದು, ಇನ್ನೊಂದು ತುಂಡು ಬೇಕಾಗುತ್ತದೆ. ಹಾಳೆಗಳನ್ನು ಕೂಡಿಸುವಾಗ ಎರಡೂ ಅಂಚುಗಳನ್ನು ಒಂದಕ್ಕೆ ಎಂಟರಂತೆ ಇಳಿಜಾರಾಗಿ ಹೆರೆಯಬೇಕು: 6 ಮಿ.ಮೀ. ಹಾಳೆಗೆ 48 ಮಿ.ಮೀ. ಇಳಿಜಾರು. ಹರಿತವಾದ ಉಜ್ಜುಗೊರಡು ಹಿಡಿದ ಬಡಿಗರ ಕೈ ಇಲ್ಲಿ ಯಾವ ಯಂತ್ರಕ್ಕಿಂತಲೂ ಮೇಲು.

ಕತ್ತರಿಸಿದ ಹಾಳೆಗಳ ಅಂಚಿನಲ್ಲಿ ಹತ್ತು, ಹದಿನೈದು ಸೆಂಟಿಮೀಟರಿಗೆ ಒಂದರಂತೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯುತ್ತಾ ಹೋದಂತೆ ಚಪ್ಪಟೆ ಹಾಳೆಗಳು ಎದ್ದುನಿಂತು ದೋಣಿಯಾಗುತ್ತವೆ. ಇಡೀ ಕೆಲಸದಲ್ಲಿ ಮನೆಮಂದಿಯೆಲ್ಲ ಶೆಡ್ಡಿಗೆ ಬಂದು ನೋಡುವ ದಿನ ಅದೇ. ಅಂಟು ಹಾಕುವ ಮುನ್ನ ದೋಣಿ ತಿರುಚಿಲ್ಲವೆಂಬುದನ್ನು ಪರೀಕ್ಷಿಸಿ: ಮುಂದೆ ಒಂದು, ಹಿಂದೆ ಒಂದು ನೇರ ಪಟ್ಟಿಯನ್ನು ಅಡ್ಡ ಇಟ್ಟು ಹಿಂದಿನಿಂದ ಕಣ್ಣು ಹಾಯಿಸಿದಾಗ ಎರಡೂ ಒಂದೇ ಗೆರೆಯಲ್ಲಿ ಕೂರಬೇಕು. ತಿರುಚಿದ ಒಡಲು ಅಂಟಿನಲ್ಲಿ ಗಟ್ಟಿಯಾದರೆ ಜೀವಮಾನವಿಡೀ ಒಂದೇ ಕಡೆಗೆ ಎಳೆಯುತ್ತದೆ.

ಆಮೇಲೆ ಒಳಮೂಲೆಗಳಿಗೆ ಎಪಾಕ್ಸಿಯಲ್ಲಿ (ರಾಳಕ್ಕೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ ಸೇರಿಸಿದ ಅಂಟು) ಮರದ ಹಿಟ್ಟು ಕಲೆಸಿದ ಮೆತ್ತನೆಯ ಮುದ್ದೆಯನ್ನು ತುಂಬಿ, ಚಮಚದ ಬೆನ್ನಿನಿಂದ ದುಂಡಗೆ ಸವರಿ, ಅದರ ಮೇಲೆ ಗಾಜಿನ ನಾರಿನ ಪಟ್ಟಿ ಕೂರಿಸಿ ಎಪಾಕ್ಸಿ ಕುಡಿಸುತ್ತೀರಿ. ತಂತಿ ತೆಗೆದು ಹೊರಗಿನ ಅಂಚುಗಳನ್ನು ಉಜ್ಜಿ ಅಲ್ಲಿಯೂ ಪಟ್ಟಿ ಹಾಕಿದರೆ ಮರ ಮುರಿಯಬಹುದು, ಜೋಡಣೆ ಬಿಡುವುದಿಲ್ಲ. ಇದಕ್ಕೆ ನೀರಿನ ಟ್ಯಾಂಕಿಗೆ ಬಳಸುವ ಅಗ್ಗದ ಪಾಲಿಯೆಸ್ಟರ್ ರಾಳ ಬೇಡ. ಅದು ಮರವನ್ನು ಎಪಾಕ್ಸಿಯಂತೆ ಹಿಡಿಯುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ಸಿಪ್ಪೆಯಂತೆ ಏಳುತ್ತದೆ.

ನಮ್ಮ ಬಿಸಿಲಿನಲ್ಲಿ ಎಪಾಕ್ಸಿ ಕೆಲಸ ಮಾಡಬಹುದೇ?

ಮಾಡಬಹುದು, ಹೊತ್ತು ನೋಡಿ ಮಾಡಬೇಕು. ತಾಪಮಾನ ಹತ್ತು ಡಿಗ್ರಿ ಏರಿದರೆ ಕಲೆಸಿದ ಎಪಾಕ್ಸಿ ಕೈಯಲ್ಲಿ ಉಳಿಯುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿಯಲ್ಲಿ ಅರ್ಧ ಗಂಟೆ ಎಂದು ಬರೆದಿದ್ದರೆ, ಏಪ್ರಿಲ್‌ನ ಮಧ್ಯಾಹ್ನದ 40 ಡಿಗ್ರಿಯಲ್ಲಿ ನಿಮಗೆ ಸಿಗುವುದು ಹತ್ತೇ ನಿಮಿಷ. ನಿಧಾನವಾಗಿ ಗಟ್ಟಿಯಾಗುವ ಹಾರ್ಡನರ್ ಕೇಳಿ ತರಿಸಿ. ನಸುಕಿನಲ್ಲಿ ಕೆಲಸ ಮಾಡಿ. ಸ್ವಲ್ಪ ಸ್ವಲ್ಪವೇ ಕಲೆಸಿ, ಕಲೆಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಆಳದ ಲೋಟದಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಎರಡು ಭಾಗಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಕಲೆಸಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕೈಗವಸು ಕಡ್ಡಾಯ, ಉಜ್ಜುವಾಗ ಮುಖಗವಸು ಕಡ್ಡಾಯ. ಎಪಾಕ್ಸಿ ಚರ್ಮಕ್ಕೆ ಒಮ್ಮೆ ಅಲರ್ಜಿ ತಂದರೆ ಅದು ಹೋಗುವುದಿಲ್ಲ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಂಡರೆ ಉಜ್ಜುವ ಮುನ್ನ ಬರಿಯ ನೀರಿನಿಂದ ತೊಳೆಯಿರಿ.

ಬಣ್ಣ ಬಿಳಿಯೇ ಇರಲಿ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸುಮಾರು 50, 60 ಡಿಗ್ರಿಯಲ್ಲಿ ಮೆದುವಾಗತೊಡಗುತ್ತದೆ. ಕಡುಬಣ್ಣದ ಮೇಲ್ಮುಚ್ಚು ನಮ್ಮ ಬೇಸಿಗೆಯಲ್ಲಿ ಅಷ್ಟು ಕಾಯುವುದು ಸುಲಭ.

ತೂಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ?

ಬೇಕು. ಪಂದ್ಯದ ದೋಣಿಯ ಗುಣವೆಲ್ಲ ಅಲ್ಲಿಯೇ ಇದೆ. ಗಾಜಿನ ಬಟ್ಟೆಗೆ ಅದರ ತೂಕದಷ್ಟೇ ಎಪಾಕ್ಸಿ ಸಾಕು. ಹೊಳೆಯುವಷ್ಟು ಸುರಿದರೆ ಅದು ಗಟ್ಟಿತನ ಕೊಡದ ಬರಿಯ ಭಾರ. ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದು ತೆಗೆಯಿರಿ. ಪ್ರತಿದಿನ ಬಳಸಿದ ಎಪಾಕ್ಸಿಯನ್ನು ಗೋಡೆಯ ಮೇಲೆ ಬರೆದಿಡುವ ಅಭ್ಯಾಸ ಬೆಳೆಸಿಕೊಳ್ಳಿ. ಭಾರ ಎಲ್ಲಿದೆ ಎಂಬುದೂ ಮುಖ್ಯ. ಮೂತಿಯಲ್ಲೋ ಕಂಬದ ತುದಿಯಲ್ಲೋ ಇರುವ ಒಂದು ಕೆ.ಜಿ., ನಡುವೆ ತಳದಲ್ಲಿರುವ ಹಲವು ಕೆ.ಜಿ.ಗಿಂತ ಹೆಚ್ಚು ಕಾಡುತ್ತದೆ. ಪ್ರತಿ ಅಲೆಗೂ ದೋಣಿ ತಲೆಯಾಡಿಸುವಂತೆ ಮಾಡುತ್ತದೆ. ಮುಗಿದ ಒಡಲನ್ನು ತೊಲೆಗೆ ತಕ್ಕಡಿ ಕಟ್ಟಿ ತೂಗಿ. ವರ್ಗದ ಕನಿಷ್ಠ ತೂಕಕ್ಕಿಂತ ಕಡಿಮೆ ಬಂದರೆ ಸೀಸದ ತುಂಡು ಸೇರಿಸಿ ಸರಿದೂಗಿಸುವ ನಿಯಮವಿದೆ. ಅಂಥ ಸೀಸ ಸೇರಿಸುವ ಭಾಗ್ಯ ಎಲ್ಲ ಕಟ್ಟುಗರಿಗೂ ಬರಲಿ.

ಗಾಳಿಪೆಟ್ಟಿಗೆಗಳು ಸೋರುತ್ತಿಲ್ಲ ಎಂದು ತಿಳಿಯುವುದು ಹೇಗೆ?

ಮಗುಚಿದ ದೋಣಿ ಮುಳುಗದಂತೆ ಕಾಯುವುದು ಮೂತಿ, ಮಗ್ಗುಲುಗಳಲ್ಲಿರುವ ಮುಚ್ಚಿದ ಗಾಳಿಪೆಟ್ಟಿಗೆಗಳು. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಪೆಟ್ಟಿಗೆಗೆ ಸೇರಿಸಿ. ಇನ್ನೊಂದು ರಂಧ್ರದಿಂದ ಬಾಯಲ್ಲೇ ಊದಿ ನೀರಿನ ಮಟ್ಟದ ಅಂತರ ಎರಡು ಸೆಂಟಿಮೀಟರ್ ಬಂದಾಗ ಬಿಗಿಯಾಗಿ ಮುಚ್ಚಿ. ಅದಕ್ಕಿಂತ ಹೆಚ್ಚು ಬೇಡ: ಎರಡೇ ಸೆಂಟಿಮೀಟರ್ ಎಂದರೂ ಒಂದು ಚದರ ಮೀಟರಿಗೆ 20 ಕೆ.ಜಿ. ಒತ್ತಡ. ಕೆಲವು ನಿಮಿಷ ಮಟ್ಟ ನಿಂತರೆ ಸರಿ. ಇಳಿದರೆ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಿ. ದೋಣಿಯನ್ನು ಬಿಸಿಲಿನಲ್ಲಿ ನಿಲ್ಲಿಸುವಾಗ ಪೆಟ್ಟಿಗೆಗಳ ಮುಚ್ಚಳ ತೆಗೆದಿಡಿ. ಒಳಗಿನ ಗಾಳಿ ಕಾದು ಹಿಗ್ಗಿದರೆ ಜೋಡಣೆ ಬಿರಿಯುತ್ತದೆ.

ಕಂಬ, ಹಾಯಿ, ಲೋಹದ ಸಾಮಾನು ಎಲ್ಲಿ ಸಿಗುತ್ತವೆ?

ಲೋಹದ ಸಾಮಾನಿಗೆ ಚಿಂತೆ ಬೇಡ. ಬೆಳಗಾವಿಯ ಉದ್ಯಮಬಾಗದ ಕಾರ್ಯಾಗಾರಗಳು ಇದಕ್ಕಿಂತ ಎಷ್ಟೋ ಕಷ್ಟದ ಬಿಡಿಭಾಗಗಳನ್ನು ಮಾಡಿಕೊಡುತ್ತವೆ. ಚುಕ್ಕಾಣಿಯ ತಿರುಗಣೆ, ತಂತಿ ಕಟ್ಟುವ ಪಟ್ಟಿಗಳನ್ನು 316 ದರ್ಜೆಯ ಸ್ಟೀಲಿನಲ್ಲಿ ಮಾಡಿಸಿ. ಕಂಬ ಮತ್ತು ಹಾಯಿಗಳನ್ನು ಮೊದಲ ಸಲ ಹಳೆಯವೇ ಕೊಳ್ಳಿ. ಮುಂಬೈ, ಹೈದರಾಬಾದ್, ಚೆನ್ನೈ ಕ್ಲಬ್‌ಗಳ ಪಂದ್ಯಾಳುಗಳು ಹೊಸ ಹಾಯಿ ತರಿಸಿಕೊಂಡಾಗ ಹಳೆಯದನ್ನು ಕೊಡುತ್ತಾರೆ. ಪಂದ್ಯಕ್ಕೆ ಸವೆದ ಹಾಯಿ ಕಲಿಯಲು ವರ್ಷಗಟ್ಟಲೆ ಬರುತ್ತದೆ. ಟಾರ್ಪಾಲಿನ್‌ನಲ್ಲಿ ಹಾಯಿ ಹೊಲಿಸಿ ನೋಡಬಹುದು, ಆದರೆ ಅದು ಹಿಗ್ಗುತ್ತದೆ, ಗಾಳಿಗೆ ಓರೆಯಾಗಿ ಏರಲು ಬಿಡುವುದಿಲ್ಲ. ಖರ್ಚಿನ ದೊಡ್ಡ ಪಾಲು ಕಂಬ, ಹಾಯಿ, ಹಗ್ಗ, ರಾಟೆಗಳದ್ದು. ಮರಕ್ಕೂ ಎಪಾಕ್ಸಿಗೂ ಹಣ ಹೊಂದಿಸಿಕೊಂಡು ಇವನ್ನು ಮರೆತವರ ದೋಣಿ ಶೆಡ್ಡಿನಲ್ಲೇ ಉಳಿಯುತ್ತದೆ.

ನಡೆಸುವುದನ್ನು ಯಾರು ಕಲಿಸುತ್ತಾರೆ?

ಮೊದಲ ಪಾಠಗಳನ್ನು ಗೋವಾದಲ್ಲೋ ಹೈದರಾಬಾದಿನ ಹುಸೇನ್ ಸಾಗರದಲ್ಲೋ, ಬಲ್ಲವರ ದೋಣಿಯಲ್ಲಿ ಕಲಿತು ಬನ್ನಿ. ಪುಸ್ತಕ, ವಿಡಿಯೊ ನೋಡಿ ಒಬ್ಬರೇ ಆಲಮಟ್ಟಿಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಬಂದ ಮೇಲೆ ಸ್ವಂತ ದೋಣಿಯನ್ನು ಹಳೆಯ ಟೈರುಗಳ ಮೇಲೆ ಅಂಗಳದಲ್ಲೇ ಇಟ್ಟು ಅಭ್ಯಾಸ ಮಾಡಿ: ಹಾಯಿಯ ಅಡಿಗೂಟದ ಕೆಳಗೆ ತಲೆ ತಗ್ಗಿಸಿ ಮಗ್ಗುಲು ಬದಲಿಸುವುದು, ಚುಕ್ಕಾಣಿಯನ್ನು ಬೆನ್ನ ಹಿಂದೆ ಕೈ ಬದಲಿಸುವುದು, ಕಣ್ಣು ಮುಚ್ಚಿ ಹಗ್ಗ ಹುಡುಕುವುದು. ನೀರಿನ ಮೇಲೆ ಇದಕ್ಕೆಲ್ಲ ಯೋಚಿಸಲು ಸಮಯವಿರುವುದಿಲ್ಲ.

ತಿಳಿದಿರಬೇಕಾದ ಮೂಲ ಸಂಗತಿ ಇಷ್ಟು. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗದು. ಅದರ ಎಡಕ್ಕೋ ಬಲಕ್ಕೋ ಸುಮಾರು 45 ಡಿಗ್ರಿ ಓರೆಯಾಗಿ, ಅಂಕುಡೊಂಕಾಗಿ ಏರಬೇಕು. ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸುವುದು ಟ್ಯಾಕ್, ಬೆನ್ನಿನ ಗಾಳಿಯಲ್ಲಿ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ಎಸೆಯುವುದು ಜೈಬ್. ಜೈಬ್‌ನಲ್ಲಿ ಅಡಿಗೂಟ ರಭಸದಿಂದ ಬೀಸುತ್ತದೆ, ತಲೆ ಜೋಪಾನ. ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ ಎಂಬುದು ನೆನಪಿರಲಿ: 15 ಕಿ.ಮೀ.ನ ಗಾಳಿ 30 ಆದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟು. ಮೊದಲ ತಿಂಗಳುಗಳಲ್ಲಿ 8ರಿಂದ 15 ಕಿ.ಮೀ. ಗಾಳಿಗೆ ಮಾತ್ರ ಇಳಿಯಿರಿ.

ವೇಗದ ಡಿಂಗಿ ಸೈಕಲ್ಲಿನ ಹಾಗೆ, ಓಡುತ್ತಿರುವಾಗಲೇ ಅದಕ್ಕೆ ಸಮತೋಲ. ನಿಲ್ಲಿಸಿ ಸುಧಾರಿಸಿಕೊಳ್ಳೋಣ ಎಂದು ಹೊಸಬರು ಚುಕ್ಕಾಣಿಯನ್ನು ಎಳೆದಾಡಿದಾಗಲೇ ಅದು ಉರುಳುವುದು. ಗಾಳಿಯ ಹೊಡೆತ ಬಂದಾಗ ಮೂರು ಕೆಲಸ ಒಟ್ಟಿಗೆ ಆಗಬೇಕು: ಮೈಯನ್ನು ಹೊರಗೆ ಚಾಚುವುದು, ಹಾಯಿಯ ಹಗ್ಗವನ್ನು ತುಸು ಬಿಡುವುದು, ದೋಣಿ ನೆಟ್ಟಗಾದೊಡನೆ ಮತ್ತೆ ಎಳೆಯುವುದು. ಹೊಡೆತ ದೂರದಿಂದಲೇ ಕಾಣುತ್ತದೆ; ನೀರಿನ ಮೇಲೆ ಕಪ್ಪನೆಯ ಸುಕ್ಕು ಓಡಿ ಬರುತ್ತಿದ್ದರೆ ಅದೇ ಗಾಳಿ.

ಮಗುಚಿದರೆ?

ಮಗುಚುತ್ತದೆ. ಆದ್ದರಿಂದ ಮೊದಲ ದಿನದ ಪಾಠವೇ ಅದಾಗಲಿ: ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ಎತ್ತಿ, ಮತ್ತೆ ಮಗುಚಿ. ಮೊದಲು ಜೊತೆಗಾರರ ಹೆಸರು ಹಿಡಿದು ಕೂಗಿ, ಅವರ ತಲೆ ನೀರಿನ ಮೇಲಿದೆ ಎಂದು ನೋಡಿಕೊಳ್ಳಿ. ಹಾಯಿಯ ಹಗ್ಗಗಳನ್ನೆಲ್ಲ ಸಡಿಲ ಬಿಡಿ. ಮೂತಿಯನ್ನು ಗಾಳಿಗೆ ತಿರುಗಿಸಿ. ಒಬ್ಬರು ನಡುಹಲಗೆಯ ಮೇಲೆ, ಅದರ ಬುಡಕ್ಕೆ ಹತ್ತಿರ ನಿಂತು ಮೈ ಹಿಂದಕ್ಕೆ ಒರಗಿಸಿದರೆ ಹಾಯಿ ನಿಧಾನವಾಗಿ ನೀರು ಬಿಟ್ಟು ಏಳುತ್ತದೆ. ಇನ್ನೊಬ್ಬರು ಒಳಗೆ ಮಲಗಿದಂತೆ ತೇಲುತ್ತಿದ್ದು ದೋಣಿಯೊಂದಿಗೆ ಮೇಲೆ ಬರುತ್ತಾರೆ. ಹಿನ್ನೀರಿನ ಆಳವಿಲ್ಲದ ಅಂಚುಗಳಲ್ಲಿ ದೋಣಿ ಪೂರ್ತಿ ತಲೆಕೆಳಗಾದರೆ ಕಂಬದ ತುದಿ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಎಳೆದರೆ ಕಂಬ ಬಾಗುತ್ತದೆ. ತುದಿಗೆ ಒಂದು ತೇಲುಗುಂಡು ಕಟ್ಟಿದರೆ ಈ ಕಷ್ಟ ತಪ್ಪುತ್ತದೆ. ದಡ ಎಷ್ಟೇ ಹತ್ತಿರ ಕಂಡರೂ ದೋಣಿ ಬಿಟ್ಟು ಈಜಬೇಡಿ.

ಈಜು ಬಲ್ಲವರೂ ತೇಲುಕವಚ ತೊಡಲೇಬೇಕು. ಇದರಲ್ಲಿ ಚರ್ಚೆಯಿಲ್ಲ.

ತಂತಿಗೆ ನೇತುಬೀಳುವ ಟ್ರಪೀಜ್ ಯಾವಾಗ?

ಟ್ಯಾಕ್ ಮತ್ತು ಜೈಬ್ ಯೋಚಿಸದೆ ಬರತೊಡಗಿದ ಮೇಲೆ. ಅಂಚಿನ ಮೇಲೆ ಕುಳಿತವರ ಭಾರ ನಡುಗೆರೆಯಿಂದ ಸುಮಾರು 70 ಸೆಂ.ಮೀ. ದೂರವಿದ್ದರೆ, ಕಂಬದ ತಂತಿಗೆ ಸೊಂಟದ ಕೊಕ್ಕೆ ಹಾಕಿ ಅಂಚಿನ ಮೇಲೆ ಕಾಲೂರಿ ಹೊರಗೆ ಚಾಚಿದವರ ಭಾರ 1.6 ಮೀಟರ್ ಹತ್ತಿರ ಹೋಗುತ್ತದೆ. ಅದೇ ವ್ಯಕ್ತಿ, ದುಪ್ಪಟ್ಟಿಗೂ ಹೆಚ್ಚು ಬಲ. 1938ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಇದನ್ನು ಬಳಸಿ 14 ಅಡಿ ದೋಣಿಗಳ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದಾಗ, ಆ ವರ್ಗದಲ್ಲಿ ಇದನ್ನು ನಿಷೇಧಿಸಿಯೇಬಿಟ್ಟರು. ಕೊಕ್ಕೆ ತಟ್ಟನೆ ಬಿಡಿಸಿಕೊಳ್ಳುವುದನ್ನು ನೆಲದ ಮೇಲೆ, ಮರದ ಕೊಂಬೆಗೆ ತಂತಿ ಕಟ್ಟಿ ಮೊದಲು ಕಲಿಯಿರಿ.

ಮೊಸಳೆ, ಬಲೆ, ಮುಳುಗಡೆ ಮರಗಳ ಭಯವಿಲ್ಲವೇ?

ಇದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಎಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ಅಲ್ಲಿಯ ಅಂಬಿಗರಿಗೂ ಮೀನುಗಾರರಿಗೂ ಗೊತ್ತು. ಅವರನ್ನು ಕೇಳದೆ ಯಾವ ದಡದಿಂದಲೂ ಇಳಿಯಬೇಡಿ. ಅವರು ಬೇಡ ಎಂದ ಜಾಗ ಬೇಡ. ಬಲೆ ಎಲ್ಲಿ ಹಾಕಿದ್ದಾರೆಂಬುದನ್ನೂ ಅವರೇ ಹೇಳುತ್ತಾರೆ, ಅದು ಅವರ ಅನ್ನ, ಸುತ್ತಿ ಹೋಗಿ. ತೇಲುಕವಚಕ್ಕೆ ಕಟ್ಟಿದ ಸಣ್ಣ ಚಾಕು ಯಾವಾಗಲೂ ಇರಲಿ, ಬಲೆಯಲ್ಲಿ ಸಿಕ್ಕಿಕೊಂಡ ಕಾಲನ್ನು ಬಿಡಿಸಲು.

ಮುಳುಗಡೆಯ ಹಳ್ಳಿಗಳ ಗೋಡೆ, ಬಾವಿಕಟ್ಟೆ, ಬಳ್ಳಾರಿ ಜಾಲಿಯ ಪೊದೆಗಳು ನೀರು ಇಳಿದಂತೆ ಮೇಲ್ಮೈಗೆ ಹತ್ತಿರವಾಗುತ್ತವೆ. ಮೇ ತಿಂಗಳಲ್ಲಿ ನೀರು ಇಳಿದಾಗ ನೀವು ದೋಣಿ ನಡೆಸಲಿರುವ ಜಾಗವನ್ನು ನಡೆದು ನೋಡಿ, ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಇಷ್ಟು ಒಳ್ಳೆಯ ತಳನಕ್ಷೆ ಸಮುದ್ರದ ಡಿಂಗಿಗಾರರಿಗೂ ಸಿಗುವುದಿಲ್ಲ. ಅಣೆಕಟ್ಟೆಯ ಹತ್ತಿರಕ್ಕೆ ಯಾವ ಕಾರಣಕ್ಕೂ ಹೋಗಬಾರದು. ಜೊತೆಗೆ ಎಂಜಿನ್ ದೋಣಿಯವರೊಬ್ಬರನ್ನು ದಿನಗೂಲಿ ಕೊಟ್ಟು ದಡದಲ್ಲಿ ಇರಿಸಿಕೊಳ್ಳಿ. ಅವರ ನಂಬರ್ ಮತ್ತು 112 ನೀರು ಹೋಗದ ಚೀಲದ ಮೊಬೈಲಿನಲ್ಲಿ ಇರಲಿ.

ಅನುಮತಿ ಬೇಕೇ?

ಬೇಕು. ಆಲಮಟ್ಟಿ ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ್ದು; ಹಿಡಕಲ್ ಮತ್ತು ನವಿಲುತೀರ್ಥ ಕರ್ನಾಟಕ ನೀರಾವರಿ ನಿಗಮದವು. ಎಲ್ಲಿಂದ ಇಳಿಯುತ್ತೀರಿ, ಎಷ್ಟು ಜನ, ಯಾವ ರಕ್ಷಣಾ ಸಲಕರಣೆ ಎಂದು ಬರೆದು ಲಿಖಿತ ಅನುಮತಿ ಪಡೆಯಿರಿ, ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ. 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಯಂತ್ರವಿಲ್ಲದ ನೌಕೆಗಳಿಗೂ ಪ್ರತ್ಯೇಕ ಅಧ್ಯಾಯವಿದೆ. ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ. ಕುಡಿಯುವ ನೀರಿನ ಕೆರೆಗಳತ್ತ ದೋಣಿ ತರಬೇಡಿ.

ಒಂದೇ ದೋಣಿ ಇಟ್ಟುಕೊಂಡು ಪಂದ್ಯ ಹೇಗೆ?

ಆಗುವುದಿಲ್ಲ. ಪಕ್ಕದಲ್ಲಿ ಅದೇ ಬಗೆಯ ಇನ್ನೊಂದು ದೋಣಿ ಓಡುತ್ತಿದ್ದರೆ ಮಾತ್ರ ನಿಮ್ಮ ಹಾಯಿಯ ಹಗ್ಗ ಒಂದು ಅಂಗುಲ ಹೆಚ್ಚೋ ಕಡಿಮೆಯೋ ಎಂಬುದು ತಿಳಿಯುತ್ತದೆ. ಆದ್ದರಿಂದ ಎರಡು ಮನೆಯವರು ಕೂಡಿ ಎರಡು ದೋಣಿ ಕಟ್ಟಿ. ಹಾಳೆ ಕತ್ತರಿಸುವಾಗ ಎರಡನ್ನು ಒಂದರ ಮೇಲೊಂದು ಇಟ್ಟು ಕತ್ತರಿಸಬಹುದು, ಎಪಾಕ್ಸಿ ಡ್ರಮ್ಮಿನಲ್ಲಿ ತರಿಸಿದರೆ ಅಗ್ಗ, ಒಡಲು ತಿರುಗಿಸಲು ನಾಲ್ಕು ಕೈ ಹೇಗೂ ಬೇಕು. ಮೊದಲ ದೋಣಿಗೆ ಮಾಡಿದ ಹಾರ್ಡ್‌ಬೋರ್ಡ್ ಅಚ್ಚುಗಳನ್ನು ಎಸೆಯದೆ, ಎಡ ಬಲ ಬರೆದು, ಗೋಡೆಗೆ ತೂಗುಹಾಕಿಡಿ. ನೀರಿನ ಮೇಲೆ ನಿಮ್ಮನ್ನು ನೋಡಿದ ಮೂರನೆಯ ಮನೆಯವರು ಮುಂದಿನ ಬೇಸಿಗೆಗೆ ಅವನ್ನು ಕೇಳಿಕೊಂಡು ಬರುತ್ತಾರೆ.